ಎಕ್ಸ್‌ಪ್ರೆಸ್‌ನಲ್ಲಿ ಬಂದ ಎಚ್‌ಟಿಟಿಪಿ ರಿಕ್ವೆಸ್ಟನ್ನು ಇದ್ದದ್ದು ಇದ್ದ ಹಾಗೆ ನೋಡೋದು ಹೇಗೆ?

ನೋಡ್.ಜೆಎಸ್‌ನ ವೆಬ್ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್‌ನಲ್ಲಿ ವೆಬ್‌ಹುಕ್‌ನ (ಏನಾದರೂ ನಡೆದಾಗ ಬೇರೆ ಸೇವೆ ತಾನಾಗಿ ನಮಗೆ ಕಳಿಸುವ ರಿಕ್ವೆಸ್ಟ್) ಸಿಗ್ನೇಚರ್ ಮ್ಯಾಚ್ ಆಗುತ್ತಿಲ್ಲ, ಅದಕ್ಕೆ ಹೆಡರ್‌ಗಳನ್ನೂ ಎಕ್ಸ್‌ಪ್ರೆಸ್ ಓದಿಕೊಡುವ ರೆಕ್.ಬಾಡಿಯನ್ನೂ ಜೋಡಿಸಿ ರಾ ರಿಕ್ವೆಸ್ಟ್ ಪ್ರಿಂಟ್ ಮಾಡ್ತೀನಿ, ಇದಕ್ಕೆ ಒಳ್ಳೆ ಲೈಬ್ರರಿ ಯಾವುದು ಅಂತ ಕೇಳಿದ್ದೀರಿ. ಜೋಡಿಸಬೇಡಿ. ಲೈಬ್ರರಿಯೂ ಬೇಡ. ನಾನು ಇದನ್ನೇ ಮಾಡಿ ಮೂರು ದಿನ ಕಳೆದುಕೊಂಡಿದ್ದೇನೆ.

ನಮ್ಮದೂ ವೆಬ್‌ಹುಕ್ಕೇ. ಯಾರಾದರೂ ಹಣ ಕಟ್ಟಿದ ಕೂಡಲೇ ಪೇಮೆಂಟ್ ಸೇವೆಯವರು ನಮ್ಮ ಸರ್ವರ್‌ಗೆ ಒಂದು ಪೋಸ್ಟ್ ಕಳಿಸುತ್ತಿದ್ದರು. ಬಾಡಿಯಲ್ಲಿ ಜೇಸನ್, ಹೆಡರ್‌ನಲ್ಲಿ ಎಚ್‌ಮ್ಯಾಕ್ ಎಸ್‌ಎಚ್‌ಎ-256 ಸಿಗ್ನೇಚರ್, ಅಂದರೆ ಒಂದು ಸೀಕ್ರೆಟ್ ಬಳಸಿ ಬಾಡಿಯ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು. ನಾವೂ ಅದೇ ಸೀಕ್ರೆಟ್ ಇಟ್ಟುಕೊಂಡು ಬಾಡಿಗೆ ಸಿಗ್ನೇಚರ್ ಲೆಕ್ಕ ಹಾಕಬೇಕು, ಎರಡೂ ಒಂದೇ ಬಂದರೆ ಒಪ್ಪಿಕೊಳ್ಳಬೇಕು. ಟೆಸ್ಟ್‌ನಲ್ಲಿ ಎಲ್ಲ ಸರಿಯಾಗಿತ್ತು. ಲೈವ್‌ಗೆ ಹಾಕಿದ ಮೇಲೆ ಕೆಲವು ಪೇಮೆಂಟ್ ಒಳಗೆ ಬರುತ್ತಿದ್ದವು, ಕೆಲವಕ್ಕೆ ನಾವೇ 401 (ಗುರುತು ಒಪ್ಪಲಿಲ್ಲ ಅನ್ನೋ ಉತ್ತರ) ಕೊಟ್ಟು ವಾಪಸ್ ಕಳಿಸುತ್ತಿದ್ದೆವು.

ನಾನು ನಿಮ್ಮ ಹಾಗೇ ರೆಕ್.ಬಾಡಿಯನ್ನು ಲಾಗ್ ಮಾಡಿದೆ. ಹೆಸರು ಸರಿ, ಮೊತ್ತ ಸರಿ, ಆರ್ಡರ್ ನಂಬರ್ ಸರಿ. ಬಾಡಿ ಸರಿಯಾಗಿದೆ ಅಂತ ಅಲ್ಲಿಗೇ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಸೀಕ್ರೆಟ್ ಬದಲಾಯಿಸಿದೆ, ಹೆಕ್ಸ್ ಬದಲು ಬೇಸ್64 ಹಾಕಿ ನೋಡಿದೆ, ನೋಡ್‌ನ ವರ್ಷನ್ ಬದಲಾಯಿಸಿದೆ. ಅಷ್ಟರಲ್ಲಿ ಜಾಸ್ತಿ ಸಲ ಫೇಲ್ ಆಯಿತು ಅಂತ ಅವರ ಕಡೆಯಿಂದ ವೆಬ್‌ಹುಕ್ಕೇ ಬಂದ್ ಆಯಿತು. ಹಣ ಕಟ್ಟಿದವರ ಆರ್ಡರ್‌ಗಳು ನಮ್ಮಲ್ಲಿ ಬಾಕಿ ಅಂತಲೇ ಉಳಿದವು. ಒಂದೊಂದನ್ನೂ ಅವರ ಪಟ್ಟಿ ನೋಡಿ ಕೈಯಲ್ಲೇ ತಾಳೆ ಹಾಕಿದೆ.

ಮೂರನೇ ದಿನ ಸಂಜೆ ನಮ್ಮ ಸೀನಿಯರ್ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಕೋಡ್ ನೋಡಲೇ ಇಲ್ಲ. "ಹೆಡರ್‌ನಲ್ಲಿ ಕಂಟೆಂಟ್-ಲೆಂಗ್ತ್ ಎಷ್ಟಿದೆ?" ಅಂದರು. ಬಾಡಿ ಎಷ್ಟು ಬೈಟ್ ಅಂತ ಕಳಿಸುವವರು ಹೇಳುವ ಹೆಡರ್ ಅದು. 212. "ನೀನು ಸಿಗ್ನೇಚರ್ ಹಾಕ್ತಿರೋದು ಎಷ್ಟು ಬೈಟ್‌ಗೆ?" ಎಣಿಸಿದೆ. 203.

ಒಂಬತ್ತು ಬೈಟ್ ಎಲ್ಲಿ ಹೋಯಿತು? ಆ ಪೇಮೆಂಟಿನಲ್ಲಿದ್ದ ಹೆಸರು ಕನ್ನಡದಲ್ಲಿತ್ತು: ರವಿ. ಕಳಿಸುವವರ ಕಡೆ ಕೋಡ್ ಪಿಎಚ್‌ಪಿ ಭಾಷೆಯಲ್ಲಿ. ಅದರ ಜೇಸನ್ ಎನ್‌ಕೋಡ್, ನಾವಾಗಿ ಬೇಡ ಅನ್ನದ ಹೊರತು, ಇಂಗ್ಲಿಷ್ ಅಲ್ಲದ ಪ್ರತಿ ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕಿ ಅಂತ ಆರು ಬೈಟಾಗಿ ಬರೆಯುತ್ತದೆ. ರ, ವ, ಗುಡಿಸು, ಹೀಗೆ ಮೂರು ಯೂನಿಕೋಡ್ ಅಕ್ಷರ, 18 ಬೈಟ್. ಎಕ್ಸ್‌ಪ್ರೆಸ್ ಅದನ್ನು ಪಾರ್ಸ್ ಮಾಡಿತು. ನಾನು ಅದನ್ನು ಜೇಸನ್.ಸ್ಟ್ರಿಂಗಿಫೈ ಮಾಡಿ, ಅಂದರೆ ಮತ್ತೆ ಪಠ್ಯವಾಗಿ ಬರೆಸಿ, ಅದಕ್ಕೆ ಸಿಗ್ನೇಚರ್ ಹಾಕಿದೆ. ಅದು ಅಕ್ಷರಗಳನ್ನೇ ನೇರವಾಗಿ ಬರೆಯಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್, ಒಟ್ಟು 9. ಕಣ್ಣಿಗೆ ಎರಡೂ ರವಿಯೇ, ಎಚ್‌ಮ್ಯಾಕ್‌ಗೆ ಮಾತ್ರ ಬೇರೆ ಬೇರೆ. ನಾನು ಟೆಸ್ಟ್ ಮಾಡಿದ್ದು ಬರೀ ಇಂಗ್ಲಿಷ್ ಹೆಸರುಗಳಲ್ಲಿ, ಹಾಗಾಗಿ ಅಲ್ಲಿ ಸಿಕ್ಕಿಬೀಳಲಿಲ್ಲ.

ಈ ಒಂದು ತಪ್ಪನ್ನು ಸರಿಯಾಗಿ ಹೇಳಬೇಕು. ರೆಕ್.ಬಾಡಿ ಅನ್ನೋದು ರಿಕ್ವೆಸ್ಟ್ ಅಲ್ಲ. ರಿಕ್ವೆಸ್ಟನ್ನು ಓದಿ, ಅರ್ಥ ಮಾಡಿಕೊಂಡು, ಮೂಲವನ್ನು ಬಿಸಾಕಿ ಉಳಿಸಿಕೊಂಡ ವಸ್ತು ಅದು. ಅದನ್ನು ಮತ್ತೆ ಬರೆಸಿದರೆ ನಿಮ್ಮ ಕೈಬರಹ ಬರುತ್ತದೆ, ಅವರದಲ್ಲ. ಕೀಗಳ ನಡುವಿನ ಸ್ಪೇಸ್ ಹೋಗಿರುತ್ತದೆ, 1.0 ಇದ್ದದ್ದು 1 ಆಗಿರುತ್ತದೆ, ಯುಆರ್‌ಎಲ್ ಒಳಗಿನ ಸ್ಲ್ಯಾಶ್‌ಗೆ ಮುಂದಿದ್ದ ಬ್ಯಾಕ್‌ಸ್ಲ್ಯಾಶ್ ಹೋಗಿರುತ್ತದೆ. ಹೆಡರ್‌ಗಳೂ ಅಷ್ಟೇ. ನೋಡ್ ಹೆಸರುಗಳನ್ನೆಲ್ಲ ಸಣ್ಣಕ್ಷರ ಮಾಡಿ, ಎರಡು ಸಲ ಬಂದದ್ದನ್ನು ಕೆಲವು ಕಡೆ ಕಾಮಾ ಹಾಕಿ ಸೇರಿಸುತ್ತದೆ, ಕೆಲವು ಕಡೆ ಎರಡನೆಯದನ್ನು ಬಿಟ್ಟೇಬಿಡುತ್ತದೆ. ಬಂದ ಹಾಗೇ ಬೇಕಿದ್ದರೆ ರೆಕ್.ರಾಹೆಡರ್ಸ್ ನೋಡಿ.

ಪರಿಹಾರ ಚಿಕ್ಕದು. ವೆಬ್‌ಹುಕ್‌ನ ಆ ಒಂದು ರೂಟ್‌ಗೆ ಎಕ್ಸ್‌ಪ್ರೆಸ್.ರಾ ಹಾಕಿ, ಟೈಪ್ ಅಪ್ಲಿಕೇಶನ್/ಜೇಸನ್ ಅಂತ ಕೊಡಿ. ಆಗ ರೆಕ್.ಬಾಡಿಯಲ್ಲಿ ಬಫರ್, ಅಂದರೆ ಪಾರ್ಸ್ ಆಗದ ಬೈಟ್‌ಗಳು, ಸಿಗುತ್ತದೆ. ಸಿಗ್ನೇಚರ್ ಲೆಕ್ಕ ಅದಕ್ಕೇ, ಪಾರ್ಸ್ ಆಮೇಲೆ. ಈ ರೂಟ್ ಮಾತ್ರ ಎಕ್ಸ್‌ಪ್ರೆಸ್.ಜೇಸನ್ ಸಾಲಿಗಿಂತ ಮೇಲಿರಬೇಕು. ಕೆಳಗಿದ್ದರೆ ಬಾಡಿ ಆಗಲೇ ಓದಿ ಮುಗಿದಿರುತ್ತದೆ, ರಾ ಏನೂ ಮಾಡದೆ ಸುಮ್ನೆ ಮುಂದೆ ಹೋಗುತ್ತದೆ. ಬಾಡಿ ಹರಿದು ಬರುವ ಸ್ಟ್ರೀಮ್, ಒಂದೇ ಸಲ ಓದಲು ಸಿಗೋದು. ಎಕ್ಸ್‌ಪ್ರೆಸ್.ಜೇಸನ್‌ಗೆ ವೆರಿಫೈ ಅನ್ನೋ ಆಪ್ಷನ್ ಕೊಟ್ಟು ಬಫರನ್ನು ಎತ್ತಿಟ್ಟುಕೊಳ್ಳಲೂಬಹುದು, ಆದರೆ ಎಲ್ಲ ರೂಟ್‌ಗೂ ಎರಡೆರಡು ಪ್ರತಿ ಮೆಮೊರಿಯಲ್ಲಿ ಇಡೋದು ನನಗೆ ಇಷ್ಟವಿಲ್ಲ. ಪೈಥಾನ್‌ನ ಫ್ಲಾಸ್ಕ್‌ನಲ್ಲಾದರೆ ಗೆಟ್_ಡೇಟಾ, ಜ್ಯಾಂಗೋದಲ್ಲಿ ರಿಕ್ವೆಸ್ಟ್.ಬಾಡಿ.

ಇನ್ನು "ಪೂರ್ತಿ ರಾ ರಿಕ್ವೆಸ್ಟ್" ಅಂತೀರಲ್ಲ, ಅದು ನಿಮ್ಮ ಆ್ಯಪ್‌ವರೆಗೆ ಬರೋದೇ ಇಲ್ಲ. ಮುಂದೆ ಎಂಜಿನ್‌ಎಕ್ಸ್ (ರಿಕ್ವೆಸ್ಟನ್ನು ಮೊದಲು ತಾನು ಹಿಡಿದು ಆ್ಯಪ್‌ಗೆ ದಾಟಿಸುವ ಸರ್ವರ್) ಇದ್ದರೆ ಟಿಎಲ್‌ಎಸ್ ಎನ್‌ಕ್ರಿಪ್ಷನ್ ಅಲ್ಲೇ ಬಿಚ್ಚಿಕೊಂಡಿರುತ್ತದೆ. ನೀವು ಹೇಳದಿದ್ದರೆ ಹೋಸ್ಟ್ ಹೆಡರ್ ಬದಲಾಗಿರುತ್ತದೆ, ಹೆಸರಿನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರ್ ಬಿದ್ದುಹೋಗಿರುತ್ತದೆ. ಹೊರಗಿನಿಂದ ಬಂದದ್ದು ಎಚ್‌ಟಿಟಿಪಿ/2 ಆಗಿದ್ದರಂತೂ ಓದುವಂಥ ಪಠ್ಯವೇ ಇರಲಿಲ್ಲ, ಬೈನರಿ ಫ್ರೇಮ್‌ಗಳು. ಆದ್ದರಿಂದ ಯಾವ ಜಾಗದಲ್ಲಿ ನೋಡಬೇಕು ಅಂತ ಮೊದಲು ನಿರ್ಧಾರ ಮಾಡಿ. ಎಂಜಿನ್‌ಎಕ್ಸ್‌ಗೂ ನೋಡ್‌ಗೂ ನಡುವೆ ಸಾಮಾನ್ಯವಾಗಿ ಎನ್‌ಕ್ರಿಪ್ಷನ್ ಇರಲ್ಲ. ಎರಡೂ ಒಂದೇ ಮೆಷಿನ್‌ನಲ್ಲಿದ್ದರೆ ಲೂಪ್‌ಬ್ಯಾಕ್ ಇಂಟರ್‌ಫೇಸ್ ಮೇಲೆ, ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ. ನಿಮ್ಮದೇ ಮೆಷಿನ್‌ನಲ್ಲಿ ಆದರೆ ಆ್ಯಪ್ ನಿಲ್ಲಿಸಿ ಅದೇ ಪೋರ್ಟ್‌ನಲ್ಲಿ, ಬಂದದ್ದನ್ನು ಹಾಗೇ ತೋರಿಸುವ ನೆಟ್‌ಕ್ಯಾಟ್ ಕೂರಿಸಿ. ಪೋಸ್ಟ್ ಅನ್ನೋ ಮೊದಲ ಸಾಲು, ಹೆಡರ್‌ಗಳು, ಒಂದು ಖಾಲಿ ಸಾಲು, ಬಾಡಿ, ಎಲ್ಲ ತೆರೆಯ ಮೇಲೆ ಬೀಳುತ್ತದೆ. ನೆಟ್‌ಕ್ಯಾಟ್ ಉತ್ತರ ಕೊಡಲ್ಲ, ಕಳಿಸುವವರು ಕಾಯುತ್ತಾ ಇರುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ.

ಸಿಕ್ಕ ಬೈಟ್‌ಗಳನ್ನು ಫೈಲಿಗೆ ಹಾಕಿಕೊಂಡು ಕರ್ಲ್ ಅನ್ನೋ ಕಮಾಂಡ್‌ನಲ್ಲಿ ಮತ್ತೆ ಕಳಿಸುವುದಾದರೆ ಡೇಟಾ-ಬೈನರಿ ಆಪ್ಷನ್ ಬಳಸಿ. ಬರೀ ಡೇಟಾ ಅಂದರೆ ಫೈಲಿನ ನ್ಯೂಲೈನ್‌ಗಳನ್ನು ತೆಗೆದುಬಿಡುತ್ತದೆ, ಮತ್ತೆ ಅದೇ ಗೋಳು. ಕಂಟೆಂಟ್-ಟೈಪ್ ಕೂಡ ನೀವೇ ಕೊಡಿ. ಫೈಲನ್ನು ಯಾರಿಗಾದರೂ ಕೊಡುವ ಮುಂಚೆ ಆಥರೈಸೇಶನ್, ಕುಕೀ ಸಾಲುಗಳನ್ನು ಅಳಿಸಿ.

ಈಗಲೇ ಫೇಲ್ ಆದ ಒಂದು ರಿಕ್ವೆಸ್ಟ್ ತೆಗೆದುಕೊಂಡು ಕಂಟೆಂಟ್-ಲೆಂಗ್ತ್ ಎಷ್ಟು, ನೀವು ಸಿಗ್ನೇಚರ್ ಹಾಕುತ್ತಿರುವ ಬೈಟ್ ಎಷ್ಟು, ಎರಡನ್ನೂ ಇಲ್ಲಿ ಬರೆಯಿರಿ. ಬಾಡಿ ಜಿಜಿಪ್‌ನಲ್ಲಿ ಕುಗ್ಗಿಸಿ ಬಂದಿದ್ದರೆ ಆ ಹೋಲಿಕೆ ನಡೆಯಲ್ಲ, ಹಾಗಿದ್ದರೆ ಅದನ್ನೂ ಹೇಳಿ. ಉಳಿದದ್ದನ್ನು ಒಟ್ಟಿಗೆ ನೋಡೋಣ.