ತಾತನ ಪೆಟ್ಟಿಗೆಯ ಮೆದುಳಿನ ಪುಸ್ತಕ

ಪ್ರಶ್ನೆ: ಡಾಕ್ಟರಾಗಿದ್ದ ನಮ್ಮ ತಾತನ ಪೆಟ್ಟಿಗೆಯಲ್ಲಿ ‘ಸೆರೆಬ್ರಿ ಅನಾಟಮೆ’ ಎಂಬ ಲ್ಯಾಟಿನ್ ಪುಸ್ತಕ ಸಿಕ್ಕಿದೆ. ಇಸವಿ 1664 ಎಂದಿದೆ. ಅಸಲಿಯೇ? ಚರ್ಮದ ರಟ್ಟು ಕೆಂಪಗೆ ಪುಡಿಯಾಗುತ್ತಿದೆ. ಕೊಬ್ಬರಿ ಎಣ್ಣೆ ಸವರಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಎಣ್ಣೆ ಬೇಡವೇ ಬೇಡ. ಅದು ಹಾಳೆಗೂ ಇಳಿದು ಕಲೆಯಾಗುತ್ತದೆ, ಧೂಳು ಹಿಡಿಯುತ್ತದೆ. ಸದ್ಯಕ್ಕೆ ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ.

ಇದು ಮೆದುಳಿನ ರಚನೆ ಕುರಿತು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಬರೆದ ಕೃತಿ. ಮೆದುಳಿನ ಬುಡದ ರಕ್ತನಾಳಗಳ ಬಳೆಗೆ ಇಂದಿಗೂ ಅವರದೇ ಹೆಸರು. ಚಿತ್ರಗಳಲ್ಲಿ ಹಲವನ್ನು ಬರೆದವರು, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚ್ ಕಟ್ಟಿಸಿದ ಕ್ರಿಸ್ಟೋಫರ್ ರೆನ್. ಎಂಥ ಕೈಗಳು ಕೂಡಿದ್ದವು ನೋಡಿ!

ಇಸವಿಯೊಂದನ್ನೇ ನಂಬಬೇಡಿ. ಲಂಡನ್, ಆಮ್‌ಸ್ಟರ್‌ಡ್ಯಾಂ ಎರಡೂ ಕಡೆ ಅದೇ ವರ್ಷ ಅಚ್ಚಾಗಿತ್ತು. 1965ರಲ್ಲಿ ಮಾಂಟ್ರಿಯಲ್‌ನಲ್ಲಿ ಇದರ ಹಳೆಯ ಇಂಗ್ಲಿಷ್ ಅನುವಾದದ ಯಥಾಪ್ರತಿಯೂ ಬಂತು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಚಿತ್ರ ನೋಡಿ. ಗೆರೆಗಳು ಸಣ್ಣ ಚುಕ್ಕೆಗಳಾಗಿ ಒಡೆದರೆ ಈಚಿನ ನಕಲು. ತಾಮ್ರದ ತಗಡಿನ ಅಚ್ಚಾದರೆ ಗೆರೆ ಅಖಂಡ, ಕಪ್ಪು ಮಸಿ ತುಸು ಉಬ್ಬಿರುತ್ತದೆ, ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. (ಅಂಚು ಕತ್ತರಿಸಿದ್ದರೆ ತಗ್ಗು ಸಿಗದು.) ಹಾಳೆಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಸಣ್ಣ ಗೆರೆಗಳು, ಅವನ್ನು ಅಡ್ಡ ದಾಟುವ ದೂರದೂರದ ಗೆರೆಗಳು ಕಾಣಬೇಕು. ಮಡಚಿದ ಚಿತ್ರಗಳು ಪೂರ್ತಿ ಇವೆಯೇ ಎಂಬುದೇ ಬೆಲೆ ನಿರ್ಧರಿಸುತ್ತದೆ. ಇಂಥ ಚಿತ್ರಗಳನ್ನು ಹರಿದು ಬಿಡಿಯಾಗಿ ಮಾರಿದ್ದುಂಟು.

ಪುಸ್ತಕವನ್ನು ಪೂರ್ತಿ ಬಿಚ್ಚದೆ, ಎರಡೂ ಬದಿಗೆ ದಿಂಬು ಕೊಟ್ಟು ಓದಿ. ಸೆಲ್ಲೋಟೇಪ್, ನುಸಿಗುಳಿಗೆ, ಪ್ಲಾಸ್ಟಿಕ್ ಚೀಲ ಮೂರೂ ಬೇಡ. ಮಳೆಗಾಲದಲ್ಲಿ ಚೀಲದೊಳಗೆ ಬೂಷ್ಟು ಬರುತ್ತದೆ. ಗೋಡೆಗೆ ತಾಗದಂತೆ, ಗಾಳಿಯಾಡುವ ಮರದ ಬೀರುವಿನಲ್ಲಿ ಮಲಗಿಸಿಡಿ.