ಕ್ರೈಸ್ಟ್‌ಚರ್ಚ್ ಚಳಿಗಾಲ, ಸೌದೆ ಹೊಗೆ, ಮಗಳ ಕೆಮ್ಮು

ಸಂಜೆಯಾದರೆ ಬೀದಿಯೆಲ್ಲ ಹೊಗೆ ವಾಸನೆ, ಮಗಳಿಗೆ ರಾತ್ರಿ ಕೆಮ್ಮು, ನ್ಯೂಜಿಲೆಂಡಿನ ಗಾಳಿ ಶುದ್ಧ ಅಂತಾರಲ್ಲ ಅಂತ ಕೇಳಿದ್ದೀರಿ. ಸೌದೆ ಒಲೆ ಇರುವ ಮನೆ ಬಾಡಿಗೆಗೆ ಹಿಡಿಯಬಹುದಾ ಅಂತಲೂ.

ನಾನಿಲ್ಲಿ 13 ಚಳಿಗಾಲ ಕಳೆದಿದ್ದೇನೆ. ನೀವು ಹೇಳಿದ್ದು ನಿಜ. ವರ್ಷದ ಉಳಿದ ತಿಂಗಳು ಗಾಳಿ ಚೆನ್ನಾಗಿಯೇ ಇರುತ್ತದೆ. ಕಷ್ಟ ಜೂನ್‌ನಿಂದ ಆಗಸ್ಟ್‌ವರೆಗೆ, ಅದೂ ಮೋಡವಿಲ್ಲದೆ, ಎಲೆ ಅಲ್ಲಾಡದ ರಾತ್ರಿಗಳಲ್ಲಿ. ಊರು ಬಯಲು, ದಕ್ಷಿಣಕ್ಕೆ ಪೋರ್ಟ್ ಹಿಲ್ಸ್ ಬೆಟ್ಟಗಳು ಅಡ್ಡ. ತಣ್ಣನೆ ಗಾಳಿ ನೆಲ ಹಿಡಿದು ಕೂತುಬಿಡುತ್ತದೆ, ಮೇಲಿನ ಬೆಚ್ಚನೆ ಗಾಳಿ ಅದಕ್ಕೆ ಮುಚ್ಚಳ. ಚಿಮಣಿ ಹೊಗೆ ಮೇಲೆ ಹೋಗಲಾರದೆ ಮನೆಗಳ ಮಧ್ಯೆಯೇ ಸುತ್ತುತ್ತದೆ. ಸಂಜೆ ಹೊರಗೇ ಮರೆತ ಬಟ್ಟೆಯನ್ನು ಮತ್ತೆ ಒಗೆಯಬೇಕು. ಆ ಹೊಗೆಯ ಸಣ್ಣ ಕಣ ಕೂದಲಿನ ದಪ್ಪದ ಮೂವತ್ತನೇ ಒಂದು ಪಾಲೂ ಇರುವುದಿಲ್ಲ. ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮಕ್ಕಳಿಗೆ, ಉಬ್ಬಸ ಇರುವವರಿಗೆ ಬೇಗ ತಟ್ಟುತ್ತದೆ.

ಮೊದಲ ಚಳಿಗಾಲದಲ್ಲಿ ನಾವೂ ಅದೇ ಹೊಗೆ ಬಿಟ್ಟವರು. ನೆನೆದರೆ ಈಗಲೂ ಬೇಜಾರಾಗುತ್ತದೆ. ಚಳಿ ಶುರುವಾದ ಮೇಲೆ ಅವಸರದಲ್ಲಿ ಹಸಿ ಸೌದೆ ತರಿಸಿದೆವು. ರಾತ್ರಿಯೆಲ್ಲ ಬೆಂಕಿ ಉಳಿಯಲಿ ಅಂತ ದಪ್ಪ ತುಂಡು ತುಂಬಿ, ಒಲೆಯ ಗಾಳಿ ಕಿಂಡಿ ಮುಚ್ಚಿ ಮಲಗುತ್ತಿದ್ದೆವು. ಬೆಳಿಗ್ಗೆ ಒಲೆಯ ಗಾಜಿನ ಮೇಲೆ ಅಂಟಂಟು ಮಸಿ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಇತ್ತು. ಒಂದು ದಿನ ಅವರೇ ಬಂದರು. ತಮ್ಮ ಮನೆಯ ಎರಡು ಒಣ ತುಂಡು ತಂದು ಒಂದಕ್ಕೊಂದು ಬಡಿದರು, ಟಣ್ ಅಂತು. ನಮ್ಮ ಹಸಿ ತುಂಡು ಬಡಿದರು, ದಪ್ ಅಂತು. ಅಷ್ಟೇ, ಒಂದು ಮಾತೂ ಬೈಯಲಿಲ್ಲ.

ಮನೆ ವಿಷಯಕ್ಕೆ ಬರೋಣ. ಹೀಟ್ ಪಂಪ್, ಅಂದರೆ ಎಸಿ ತರಹ ಕರೆಂಟಿನಲ್ಲಿ ಓಡಿ ಬಿಸಿಗಾಳಿ ಬಿಡುವ ಯಂತ್ರ, ಇರುವುದನ್ನೇ ಹುಡುಕಿ. 2010, 2011ರ ಭೂಕಂಪದಲ್ಲಿ ಹಳೆಯ ಇಟ್ಟಿಗೆ ಚಿಮಣಿ ಬಿದ್ದ ಎಷ್ಟೋ ಮನೆಗಳಿಗೆ ಆಮೇಲೆ ಹೀಟ್ ಪಂಪ್ ಬಂತು. ಬಾಡಿಗೆ ಮನೆಯ ಹಾಲ್‌ನಲ್ಲಿ 18 ಡಿಗ್ರಿ ಮುಟ್ಟಿಸುವ ಹೀಟರ್ ಇರಲೇಬೇಕು, 2025ರ ಜುಲೈ 1ರಿಂದ ಇದು ಎಲ್ಲ ಬಾಡಿಗೆ ಮನೆಗಳಿಗೂ ಕಾನೂನು. ಸುಮ್ನೆ ಸಂಕೋಚ ಪಡಬೇಡಿ, ಕೇಳಿ. ಸೌದೆ ಒಲೆಯ ಮನೆಯೇ ಸಿಕ್ಕಿತು ಅನ್ನಿ, ಆಗ ಬೇಸಿಗೆಯಲ್ಲೇ ಸೌದೆ ತಂದು ಒಣಗಿಸಿ. ತೇವ ಶೇ 25ಕ್ಕಿಂತ ಕಮ್ಮಿ ಇರಬೇಕು. ಸಣ್ಣದಾಗಿ ಸೀಳಿ, ಕಿಂಡಿ ತೆರೆದು ಜೋರಾಗಿ ಉರಿಸಿ. ಹೊರಗೆ ಹೋಗಿ ಚಿಮಣಿ ನೋಡಿ: ಹತ್ತಿಸಿದ ಸ್ವಲ್ಪ ಹೊತ್ತಿನ ಮೇಲೂ ಹೊಗೆ ಕಾಣುತ್ತಿದ್ದರೆ ಏನೋ ತಪ್ಪಾಗಿದೆ. ಬೇಲಿ, ಡೆಕ್‌ನ (ಮನೆ ಹೊರಗಿನ ಮರದ ಜಗಲಿಯ) ಹಳೆ ಮರ ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ಕೊಟ್ಟರೆ ಮಾತ್ರ ಬೇಡವೇ ಬೇಡ. ಹುಳ ಹಿಡಿಯದಂತೆ ಅದಕ್ಕೆ ಆರ್ಸೆನಿಕ್ ಅನ್ನುವ ವಿಷ ಸೇರಿಸಿರುತ್ತಾರೆ.

ಸದ್ಯಕ್ಕೆ ಮಧ್ಯಾಹ್ನವೇ ಕಿಟಕಿ ತೆರೆದು ಗಾಳಿಯಾಡಿಸಿ, ಹೊತ್ತು ಇಳಿಯುವ ಮೊದಲೇ ಮುಚ್ಚಿಬಿಡಿ. ಕೆಮ್ಮು ಇನ್ನೂ ನಿಂತಿಲ್ಲ ಅಲ್ವಾ? ಈ ವಾರವೇ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿ ಹೆಸರು ನೋಂದಾಯಿಸಿದ್ದರೆ 14 ವರ್ಷದೊಳಗಿನ ಮಕ್ಕಳಿಗೆ ಬಹಳ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ.