ಸಣ್ಣ ಅಪರಾಧಗಳಿಗೆ ಜೈಲಿನ ಬದಲು ಛಡಿಯೇಟು ಕೊಟ್ಟು ಬಿಡುವುದು ಮೇಲಲ್ಲವೇ?

ಜೈಲಿಗೆ ಹಾಕಿ ಒಬ್ಬನ ಬದುಕು ಕೆಡಿಸುವುದಕ್ಕಿಂತ ನಾಲ್ಕು ಏಟು ಕೊಟ್ಟು ಬಿಡುವುದೇ ಕರುಣೆ ಎಂದು ನೀವು ಬರೆದಿದ್ದೀರಿ. 2012ರಲ್ಲಿ ನಾನೂ ಹಾಗೆಯೇ ನಂಬಿದ್ದೆ; ನಂಬಿದ್ದನ್ನು ಮಾಡಿಯೂ ಬಿಟ್ಟೆ.

ಆಗ ಮಂಗಳೂರಿನ ಬಂದರಿನಲ್ಲಿ ನನಗೆ ಅಡಿಕೆ, ಕಾಳುಮೆಣಸಿನ ಗೋದಾಮು ಇತ್ತು. ಹತ್ತೊಂಬತ್ತು ವರ್ಷದ ಕೆಲಸದ ಹುಡುಗನೊಬ್ಬ ಬುತ್ತಿಚೀಲದಲ್ಲಿ ಐದು ಕಿಲೋ ಮೆಣಸು ತುಂಬಿಕೊಂಡು ಹೊರಡುವಾಗ ಸಿಕ್ಕಿಬಿದ್ದ. ಸುಮಾರು ಎರಡು ಸಾವಿರ ರೂಪಾಯಿಯ ಮಾಲು. ಓಡಿ ಬಂದ ಅವನ ತಾಯಿ, "ಧನಿಗಳೇ, ಪೊಲೀಸರಿಗೆ ಮಾತ್ರ ಕೊಡಬೇಡಿ, ನೀವೇ ಎರಡು ಹೊಡೆದು ಬುದ್ಧಿ ಹೇಳಿ" ಎಂದು ಕೈಮುಗಿದರು. ಅವರನ್ನು ಮನೆಗೆ ಕಳುಹಿಸಿ, ಹಮಾಲಿಗಳಿಂದ ಹತ್ತು ಏಟು ಕೊಡಿಸಿ ಬಿಟ್ಟುಬಿಡಿ ಎಂದು ಗೋದಾಮಿನ ಲೆಕ್ಕ ಬರೆಯುವ ರೈಟರಿಗೆ ಹೇಳಿ ನಾನು ಒಳಗೆ ಹೋದೆ.

ಒಳಗೆ ಹೋದದ್ದೇ ತಪ್ಪು ಎಂದು ಬಹಳ ಕಾಲ ಅಂದುಕೊಂಡಿದ್ದೆ. ನಿಜವಾದ ತಪ್ಪು ಅದಕ್ಕೂ ಹಿಂದಿನದು. ಹಿಂದಿನ ಎರಡು ತಿಂಗಳು ತೂಕ ಕಡಿಮೆ ಬಂದಿತ್ತೆಂದು ನಾನು ಎಲ್ಲ ಹಮಾಲಿಗಳ ವಾರದ ಸಂಬಳದಲ್ಲಿ ಇನ್ನೂರು ರೂಪಾಯಿ ಮುರಿದುಕೊಂಡಿದ್ದೆ. ಆ ಸಿಟ್ಟು ನನ್ನ ಮೇಲೆ ತಿರುಗಬೇಕಾದದ್ದು. ಬೆತ್ತವನ್ನು ಅವರ ಕೈಗೆ ಕೊಟ್ಟು ನಾನೇ ಅದನ್ನು ಹುಡುಗನ ಮೇಲೆ ತಿರುಗಿಸಿದೆ. ಹತ್ತು ಎಂಬುದು ನನ್ನ ಲೆಕ್ಕವಾಗಿತ್ತು. ಹೊಡೆಯುವ ಪ್ರತಿಯೊಬ್ಬನಿಗೂ ಅವನವನ ಇನ್ನೂರು ರೂಪಾಯಿಯ ಲೆಕ್ಕವಿತ್ತು. ಕೂಗು ಕೇಳಿ ನಾನು ಹೊರಗೆ ಬಂದಾಗ ಅವನು ಚೆಲ್ಲಿದ ಮೆಣಸಿನ ಮೇಲೆ ಅಂಗೈ ಊರಿಕೊಂಡು ಕುಳಿತಿದ್ದ, ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಒಂದು ಕಿವಿಯ ಶಾಶ್ವತ ಕಿವುಡು ಕಾನೂನಿನಲ್ಲಿ ತೀವ್ರ ಗಾಯ; ತಾಯಿಯೇ ಹೊಡೆಯಲು ಹೇಳಿದ್ದರೆಂಬುದು ನನ್ನ ರಕ್ಷಣೆಗೆ ಬರಲಿಲ್ಲ, ಬರಬಾರದು ಕೂಡ.

ಸರ್ಕಾರವೇ ಎಣಿಸಿ ಹೊಡೆದರೆ ಹೀಗಾಗದು ಎಂದು ನೀವು ಹೇಳಬಹುದು. ಅದನ್ನು ಈ ದೇಶ ಮಾಡಿ ನೋಡಿದೆ. ಬ್ರಿಟಿಷರು 1864ರಲ್ಲಿ ಛಡಿಯೇಟಿನ ಕಾಯ್ದೆ ತಂದು ಕಳ್ಳತನವನ್ನೂ ಅದರಲ್ಲಿ ಸೇರಿಸಿದ್ದರು. ಸ್ವತಂತ್ರ ಭಾರತ 1955ರಲ್ಲಿ ಆ ಶಿಕ್ಷೆಯನ್ನೇ ರದ್ದುಪಡಿಸಿತು. ಸಿಂಗಾಪುರದಲ್ಲಿ ಅದು ಇಂದಿಗೂ ಇದೆ, ಆದರೆ ಬಹುಪಾಲು ಜೈಲಿನ ಬದಲಾಗಿ ಅಲ್ಲ, ಜೈಲಿನ ಜೊತೆಗೆ: 1994ರಲ್ಲಿ ಕಾರುಗಳನ್ನು ಹಾಳುಮಾಡಿದ ಅಮೆರಿಕದ ಹದಿಹರೆಯದವನಿಗೆ ನಾಲ್ಕು ಏಟಿನ ಜೊತೆ ನಾಲ್ಕು ತಿಂಗಳ ಸೆರೆಯೂ ಆಯಿತು.

ಆದುದರಿಂದ ಬೆತ್ತವೋ ಜೈಲೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಲ್ಲ. ನಾಲ್ಕು ವರ್ಷದ ವಿಚಾರಣೆಯ ಬಳಿಕ ನ್ಯಾಯಾಲಯ ನನ್ನನ್ನು ತಪ್ಪಿತಸ್ಥನೆಂದು ಹೇಳಿ, ಹುಡುಗನಿಗೆ ಪರಿಹಾರ ಕೊಡಿಸಿ, ಅಪರಾಧಿಯನ್ನು ಜೈಲಿಗೆ ಹಾಕದೆ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಹೊಡೆತವೂ ಇಲ್ಲ, ಸೆರೆಯೂ ಇಲ್ಲ. ಅದೇ ಕಾಯ್ದೆಯಲ್ಲಿ ಮೊದಲ ಸಲ ಕಳ್ಳತನ ಮಾಡಿದವನಿಗೆ ಎಚ್ಚರಿಕೆ ಹೇಳಿ ಬಿಡುವ ಅವಕಾಶವಿತ್ತು, ಇಪ್ಪತ್ತೊಂದು ತುಂಬದವನನ್ನು ಜೈಲಿಗೆ ಕಳುಹಿಸಬೇಕಾದರೆ ನ್ಯಾಯಾಧೀಶರು ಕಾರಣ ಬರೆಯಲೇಬೇಕಿತ್ತು ಎಂದು ನನ್ನ ವಕೀಲರು ಅಂದು ತೋರಿಸಿದರು.

ನಿಮ್ಮ ಕೈಯಲ್ಲಿ ಇಂತಹ ಪ್ರಕರಣವೇನಾದರೂ ಇದ್ದರೆ ದಯವಿಟ್ಟು ಯಾರ ಮೇಲೂ ಕೈ ಎತ್ತಬೇಡಿ. ಹುಡುಗನ ಮನೆಯವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಸಾಮಾನ್ಯ ಕಳ್ಳತನದ ಪ್ರಕರಣಗಳಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ನನ್ನ ಐದು ಕಿಲೋ ಮೆಣಸು ಅಂದು ಚೀಲದ ಸಮೇತ ಗೋದಾಮಿನೊಳಗೇ ಇತ್ತು.